ಮೊಣಕಾಲ ಮೇಲಿನ ಬಶಿ

ನಮ್ಮ ಅಕ್ಕೋರು ಕುರ್ಚಿಯಿಂದ ಎದ್ದರೆ ಎಡ ಮೊಣಕಾಲು ಟಕ್ ಎನ್ನುತ್ತಿತ್ತು, ಹಿಂದಿನ ಬೆಂಚಿಗೂ ಕೇಳಿಸುವಷ್ಟು. ನಾವು ನಕ್ಕರೆ ಅವರಿಗೆ ಸಿಟ್ಟಿಲ್ಲ. "ನಗ್ರಿ, ನಗ್ರಿ. ನಕ್ಕವ್ರು ಆ ಎಲುಬಿನ ಹೆಸರ ಹೇಳ್ರಿ." ಅಲ್ಲಿಗೆ ನಗು ಬಂದ್.

ನಿಪ್ಪಾಣಿಯ ನರ್ಸಿಂಗ್ ಶಾಲೆಯಲ್ಲಿ ಅವರು ಶರೀರರಚನೆ ಕಲಿಸುತ್ತಿದ್ದರು. ನಾನು ಹತ್ತಿರದ ಭೋಜ ಹಳ್ಳಿಯವಳು, ಅಲ್ಲಿಯವರೆಗೆ ಕನ್ನಡದಲ್ಲೇ ಓದಿದವಳು. ಇಂಗ್ಲಿಷೇ ಕಬ್ಬಿಣದ ಕಡಲೆ, ಅದರ ಮೇಲೆ ಲ್ಯಾಟಿನ್ ಹೆಸರುಗಳು! ಎರಡೇ ತಿಂಗಳಿಗೆ ಟ್ರಂಕು ತುಂಬಿ, ಓದು ಬಿಡುತ್ತೇನೆಂದು ಹೇಳಲು ಅವರ ಕೋಣೆಗೆ ಹೋದೆ.

ಅಕ್ಕೋರು ಬಶಿಗೆ ಸುರಿದುಕೊಂಡು ಚಹಾ ಕುಡಿಯುತ್ತಿದ್ದರು. ನನ್ನನ್ನು ಕೂರಿಸಿ, ಹೇಳಿದ್ದನ್ನೆಲ್ಲ ಕೇಳಿ, ಖಾಲಿ ಬಶಿಯನ್ನು ಸೆರಗಿನಿಂದ ಒರೆಸಿ ನನ್ನ ಮೊಣಕಾಲಿನ ಮೇಲೆ ಬೋರಲಿಟ್ಟರು. ಅದು ಇನ್ನೂ ಬೆಚ್ಚಗಿತ್ತು.

"ಮೊಣಕಾಲ ಚಿಪ್ಪಿನ ಹೆಸರು ಪಟೆಲ್ಲಾ. ಪಟೆಲ್ಲಾ ಅಂದ್ರ ಇದ ನೋಡು, ಬಶಿ. ರೋಮದ ಮಂದಿ ಅಗಲ ತಾಟಿಗೆ ಪಟಿನಾ ಅಂದ್ರು, ಸಣ್ಣ ಬಶಿಗೆ ಪಟೆಲ್ಲಾ ಅಂದ್ರು. ಮರಾಠಿಯೊಳಗ ದೊಡ್ಡ ಬಂಡಿಗೆ ಗಾಡಾ, ಸಣ್ಣದಕ್ಕ ಗಾಡಿ ಅಂತಾರಲ್ಲ, ಹಂಗ. ಒಂದಿದ್ರ ಪಟೆಲ್ಲಾ, ಎರಡಿದ್ರ ಪಟೆಲ್ಲೇ. ಅಡಗಿಮನಿ ಮಾತವ್ವಾ ಇದು, ಯಾಕ ಅಂಜ್ತಿ?"

ಆಮೇಲೆ ನನ್ನ ಕಾಲು ಚಾಚಿಸಿ, ನನ್ನದೇ ಅಂಗೈಯನ್ನು ಚಿಪ್ಪಿನ ಮೇಲಿಟ್ಟು, "ಕಾಲ ಸಡ್ಲ ಬಿಡು. ಹೆಂಗ ಸರದಾಡ್ತೈತಿ ನೋಡು" ಎಂದರು. ಎಲುಬು ನನ್ನ ಕೈಯೊಳಗೆ ಅತ್ತಿತ್ತ ಸರಿಯಿತು. ಹೋಗಿ ಟ್ರಂಕು ಬಿಚ್ಚಿದೆ.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಅದೇ ಎಲುಬನ್ನು ಎತ್ತಿ ತೋರಿಸಿದರು. ಗಾಬರಿಯಲ್ಲಿ "ಬಶಿ ರೀ" ಎಂದುಬಿಟ್ಟೆ! ಅವರು ಹುಬ್ಬೇರಿಸಿದರು. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಆದರೆ ಕೈ ತಾನಾಗಿ ಮೊಣಕಾಲಿಗೆ ಹೋಯಿತು; ರೋಮದ ತಾಟಿನಿಂದ ಶುರು ಮಾಡಿ ಪಟೆಲ್ಲಾ ಎಂಬ ಹೆಸರಿಗೆ ಬಂದು ಮುಟ್ಟಿದೆ. ಪಾಸಾದೆ.

ಎಷ್ಟೋ ವರ್ಷಗಳ ಮೇಲೆ, ನಾನು ನರ್ಸಾಗಿದ್ದ ಚಿಕ್ಕೋಡಿಯ ಆಸ್ಪತ್ರೆಗೇ ಅಕ್ಕೋರು ಬಂದರು, ಆ ಎಡ ಮೊಣಕಾಲಿನ ಆಪರೇಷನ್ನಿಗೆ. ಅಷ್ಟು ಮಂದಿಗೆ ಎಲುಬು ಕಲಿಸಿದವರು ಹಾಸಿಗೆಯ ಮೇಲೆ ಕಾಲು ಬಿಗಿಹಿಡಿದು ಅಂಜಿ ಕೂತಿದ್ದರು.

"ನನ್ನ ಬಶಿ ತಗದ ಒಗೀತಾರೇನವ್ವಾ?"

"ಇಲ್ರಿ ಅಕ್ಕೋರ. ಆಗ್ಲೇ ಡಾಕ್ಟರನ್ನ ಕೇಳೇನ್ರಿ. ಬಶಿ ಅಲ್ಲೇ ಇರ್ತೈತ್ರಿ."

ಕಾಲಿನ ಬಿಗಿ ಇಳಿಯಲಿಲ್ಲ. ಅವರ ಅಂಗೈಯನ್ನು ಅವರದೇ ಮೊಣಕಾಲಿನ ಮೇಲಿಟ್ಟು, ಮೇಲೆ ನನ್ನ ಕೈಯಿಟ್ಟೆ. "ಕಾಲ ಸಡ್ಲ ಬಿಡ್ರಿ."

ನನ್ನ ಮುಖ ನೋಡಿ ನಕ್ಕರು. ಕಾಲು ಸಡಿಲ ಬಿಟ್ಟರು.

ಆ ಕಾಲಲ್ಲೇ ಚೆನ್ನಾಗಿ ಓಡಾಡಿಕೊಂಡಿದ್ದು, ಹೋದ ವರ್ಷ ತೀರಿಕೊಂಡರು. ನಾನು ಉಣ್ಣುವ ಅನ್ನ ಅವರು ಕೊಟ್ಟದ್ದು. ಇಂದಿಗೂ ರೋಗಿಯ ಮೊಣಕಾಲು ಮುಟ್ಟುವ ಮುಂಚೆ ನನ್ನ ಅಂಗೈ ಉಜ್ಜಿಕೊಳ್ಳುತ್ತೇನೆ, ಬೆಚ್ಚಗಿರಲೆಂದು.