ಎಡೆಗಿಟ್ಟ ಟೀ

ಅವತ್ತು ಬುಧವಾರ. ಯಜಮಾನರು ಬೆಳಗ್ಗೆ ಎದ್ದು ಎರಡು ಲೋಟ ಟೀ ಕುಡಿದರು. ಕುರಿಗಳ ಗೊರಸು ಕತ್ತರಿಸಿದರು. ಮಧ್ಯಾಹ್ನ ಮುದ್ದೆ ಉಣ್ಣುವಾಗ, "ಲೇ ತಿಪ್ಪಿ, ಸಾರಿಗೆ ಉಪ್ಪು ಮರೆತ್ಯೋ, ನನ್ ಮ್ಯಾಲೆ ಸಿಟ್ಟೋ?" ಅಂದರು.

"ಎರಡೂ" ಅಂದೆ.

ನಕ್ಕರು. ಆಮೇಲೆ ಹಟ್ಟಿಯ ಮುಳ್ಳುಬೇಲಿ ಸರಿಮಾಡಿದರು. ಅವತ್ತು ಇನ್ನೇನೂ ನಡೆಯಲಿಲ್ಲ.

ಗುರುವಾರ ಕುರಿ ಹೊಡೆದುಕೊಂಡು ಹೋದವರು ಎದೆ ಹಿಡಿದುಕೊಂಡು ಹೊಲದ ಬದುವಿನ ಮೇಲೆ ಕೂತರಂತೆ. ಮತ್ತೆ ಏಳಲಿಲ್ಲ.

ಅವರ ಹೆಸರು ಕರಿಸಿದ್ದಪ್ಪ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತಾರೆ. ಬರೆದರೆ ದೋಷವಿಲ್ಲ ಅಂದುಕೊಂಡಿದ್ದೀನಿ.

ಹದಿನಾರು ವರ್ಷ ಕುಡಿದರು. ನನ್ನನ್ನು ಹೊಡೆದಿದ್ದಾರೆ, ಅದನ್ನು ಮುಚ್ಚಿಡೋದಿಲ್ಲ. ಬೆಳಗ್ಗೆ ಎದ್ದ ಕೂಡಲೇ ಕೈ ನಡುಗೋವು. ಸಾರಾಯಿ ಅಂಗಡಿ ಬಾಗಿಲು ತೆಗೆಯೋಕೆ ಮುಂಚೆಯೇ ಹೋಗಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿರೋರು.

ಎಪ್ಪತ್ನಾಲ್ಕನೇ ಇಸವಿಯಲ್ಲಿ ಒಂದಿನ ಮಧ್ಯಾಹ್ನ ಚಿಕ್ಕಜಾಜೂರು ಸ್ಟೇಷನ್ನಿನ ಬೆಂಚಿನ ಮೇಲೆ ಬಿದ್ದಿದ್ದರು. ರಟ್ಟೆ ಹಿಡಿದು ಎಳೀತಿದ್ದೆ. ರೈಲ್ವೆ ಕೆಲಸದ ದಿಲಾವರ್ ಸಾಬರು ಬಂದರು. ಬೆಂಗಳೂರಿಂದ ಹೊಸದಾಗಿ ವರ್ಗವಾಗಿ ಬಂದಿದ್ದವರು.

"ಎಳೀಬ್ಯಾಡ್ರಿ ಅಕ್ಕ. ಬೆಂಗ್ಳೂರಾಗೆ ನಂಗೂ ಇಂಥದ್ದೇ ಒಂದು ಬೆಂಚ್ ಇತ್ತು."

ಬೆಂಗಳೂರಲ್ಲಿ ಕುಡಿತ ಬಿಟ್ಟವರು ಒಂದು ಕಡೆ ಸೇರಿ ಮಾತಾಡ್ತಾರಂತೆ. ಹಂಗೇ ಬಿಟ್ಟಿದ್ದರಂತೆ ಸಾಬರೂ. ಇಲ್ಲಿ ತಮ್ಮ ಕ್ವಾರ್ಟ್ರಸ್ಸಿನಲ್ಲಿ ಭಾನುವಾರ ಮೂರು ಗಂಟೆಗೆ ಜನ ಸೇರಿಸುತ್ತಿದ್ದರು. "ಕರ್ಕಂಡ್ ಬರ್ರಿ" ಅಂದರು.

ನಾನು ಮಂತ್ರ ಹಾಕೋರು ಅಂದುಕೊಂಡೆ. ತೆಂಗಿನಕಾಯಿ, ಎಲೆ ಅಡಿಕೆ, ನಿಂಬೆಹಣ್ಣು ಎಲ್ಲ ತಗೊಂಡು ಹೋದೆ. ಸಾಬರು ಅದನ್ನ ನೋಡಿ ಬಹಳ ನಕ್ಕರು. "ನನ್ನ ಮಂತ್ರ ನನ್ ಹೆಂಡ್ತಿಗೇ ತಾಗಲ್ಲ ಅಕ್ಕ" ಅಂದರು. ಒಳಗಿಂದ ಅವರ ಹೆಂಡತಿ ತಾಜ್ ಬೀ, "ಸುಳ್ಳಲ್ಲ ಬಿಡ್ರಿ" ಅಂದಳು. ಕಾಯಿ ಒಡೆದು ಮಂಡಕ್ಕಿಗೆ ಹಾಕಿಕೊಂಡು ತಿಂದೆವು. ಐದು ಜನ ಗಂಡಸರು ಚಾಪೆ ಮೇಲೆ ಕೂತರು. ನಾನು ತಾಜ್ ಬೀ ಜೊತೆ ಹಿಂದಿನ ಕಟ್ಟೆಯಲ್ಲಿ.

ಮೂರು ವಾರ ನಮ್ಮವರು ಬಾಯಿ ಬಿಡಲಿಲ್ಲ. ನಡುವೆ ಎರಡು ಸಲ ಕುಡಿದು ಬಿದ್ದರು. ಮತ್ತೆ ಹೋದರು. ಆಮೇಲೆ ಒಂದು ಭಾನುವಾರ ಅವರ ದನಿ ಕೇಳಿಸಿತು. "ನಾನು ಕರಿಸಿದ್ದಪ್ಪ. ಕುಡುಕ. ಇವತ್ತು ಕುಡಿದಿಲ್ಲ."

ದಾರಿಯಲ್ಲಿ ಜಗಳ ತೆಗೆದೆ. "ಬಿಡ್ತಾ ಇರೋರು ಕುಡುಕ ಅಂತ ಯಾಕಂತೀರಿ ನಾಕ್ ಜನದ ಮುಂದೆ?"

"ಮರೆತ್ರೆ ಕುಡಿತೀನಿ ಕಣೇ."

ಅವರಿಗೆ ಕಷ್ಟದ ಹೊತ್ತು ಅಂದರೆ ಬೆಳಗ್ಗೆ, ಅಂಗಡಿ ಬಾಗಿಲು ತೆಗೆಯೋ ಹೊತ್ತು. ಆ ಹೊತ್ತಿಗೆ ದಿಲಾವರ್ ಸಾಬರು ಸೈಕಲ್ಲಲ್ಲಿ ಬಂದು ನಮ್ಮ ಜಗಲಿ ಮೇಲೆ ಕೂರೋರು. ನಾನು ಬೆಲ್ಲ ಹಾಕಿ ಮೇಕೆ ಹಾಲಿನ ಟೀ ಕಾಸಿ ಕೊಡ್ತಿದ್ದೆ. ಇಬ್ಬರೂ ಏನೂ ಮಾತಾಡದೆ ಕುಡಿಯೋರು. ಯಜಮಾನರು ಮೊದಮೊದಲು ಲೋಟ ಎರಡು ಕೈಯಲ್ಲಿ ಹಿಡೀತಿದ್ದರು. ಆಮೇಲೆ ಒಂದು ಕೈಯಲ್ಲಿ. ಹಿಂಗೆ ಮೂರು ವರ್ಷ ನಾಲ್ಕು ತಿಂಗಳು ಹೋಯಿತು.

ಯಜಮಾನರು ತೀರಿಕೊಂಡ ಹನ್ನೊಂದನೇ ದಿನಕ್ಕೆ ಎಡೆ. ಸತ್ತವರಿಗೆ ಏನೇನು ಇಷ್ಟವೋ ಎಲ್ಲ ಎಲೆಗೆ ಇಡೋದು ನಮ್ಮಲ್ಲಿ ಪದ್ಧತಿ. ಮುದ್ದೆ, ಬಾಡಿನ ಸಾರು, ಬೀಡಿ ಇಟ್ಟೆ. ಅವರ ಅಣ್ಣ ಈರಬಸಪ್ಪ ಸಾರಾಯಿ ಬಾಟ್ಲಿ ತಂದು ಎಲೆ ಪಕ್ಕ ಇಟ್ಟರು.

"ತೆಗೀರಿ ಭಾವ" ಅಂದೆ.

"ತಿಪ್ಪಮ್ಮ, ಆಸೆ ಉಳಿದ್ರೆ ಮನೆ ಸುತ್ತ ತಿರುಗ್ತಾನೆ. ಅವನ ಜೀವಕ್ಕೆ ಒಂದು ತೃಪ್ತಿ ಬ್ಯಾಡ್ವಾ?"

ನನಗೂ ಹೆದರಿಕೆ ಆಯಿತು. ಅವರು ಬಾಯಾರಿ ತಿರುಗಿದರೆ? ಬಾಗಿಲಲ್ಲಿ ನಿಂತಿದ್ದ ದಿಲಾವರ್ ಸಾಬರ ಮುಖ ನೋಡಿದೆ. ಅವರು ತಲೆ ಬಗ್ಗಿಸಿದರು. "ನಿಮ್ಮ ಮನೆ ಪದ್ಧತಿ ಅಕ್ಕ. ನಾನು ಬಾಯಿ ಹಾಕಂಗಿಲ್ಲ."

"ಒಂದೊಂದೇ ದಿನ ತಡಕಂಡಿದ್ರು. ಸತ್ತ ದಿನಾನೂ ಕುಡಿದಿರ್ಲಿಲ್ಲ" ಅಂದೆ ಭಾವನಿಗೆ. "ಈಗ ನಾವೇ ಮುಂದಿಟ್ರೆ ಅವರು ಕೈ ಚಾಚಲ್ವಾ?"

"ಸತ್ತೋನಿಗೆ ಕೈಯೆಲ್ಲೈತೆ?"

"ಕೈ ಇಲ್ದೋರಿಗೆ ಬಾಯಿ ಎಲ್ಲಿಂದ ಬಂತು? ಸಾರಾಯಿ ಯಾರಿಗೆ ತಂದ್ರಿ?"

ನಾನೇ ಬಾಟ್ಲಿ ಎತ್ತಿ ಭಾವನ ಕೈಗೆ ಕೊಟ್ಟೆ. ಒಲೆ ಹಚ್ಚಿ ಟೀ ಕಾಸಿದೆ. ಅವರ ಲೋಟದಲ್ಲೇ ಎಡೆಗಿಟ್ಟೆ. ಅವಾಗ ಅಳು ಬಂತು. ಅಲ್ಲೀತನಕ ಅತ್ತಿರಲಿಲ್ಲ.

ಹೆಂಗಸರು ಆಡಿಕೊಂಡರು. ಆಡಿಕೊಳ್ಳಲಿ. ಯಜಮಾನರು ತಿರುಗಲಿಲ್ಲ. ತಿರುಗಿದ್ದರೆ ಕಾಣಿಸುತ್ತಿದ್ದರು, ನಾನು ನೋಡ್ತಾನೇ ಇದ್ದೆ.

ಈಗಲೂ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋಕೆ ಮುಂಚೆ ಟೀ ಕಾಸ್ತೀನಿ. ದಿಲಾವರ್ ಸಾಬರು ಬರ್ತಾರೆ. ಚಾಪೆ ಮೇಲೆ ಕೂರೋರಲ್ಲಿ ಯಾರಿಗೆ ಕೈ ನಡುಗ್ತದೋ ಅವರೂ ಬರ್ತಾರೆ. ಹೋದ ಸುಗ್ಗಿಯಿಂದ ಭಾವನೂ ಬರ್ತಾರೆ, ಕೆಲವು ದಿನ. ಬಂದು ಜಗಲಿ ತುದಿಗೆ ಕೂರ್ತಾರೆ. ನಾನು ಏನೂ ಕೇಳಲ್ಲ. ಲೋಟ ಪೂರ್ತಿ ತುಂಬಿಸಲ್ಲ, ತುಂಬಿಸಿದ್ರೆ ಚೆಲ್ಲಿ ಕೈ ಸುಟ್ಟುಕೊಳ್ತಾರೆ. ಅರ್ಧ ಹಾಕಿ ಕೊಡ್ತೀನಿ. ಕುಡಿದ ಮೇಲೆ ಇನ್ನರ್ಧ ಹಾಕ್ತೀನಿ.