ಪೋಳಾ ಹಬ್ಬಕ್ಕೆ ಟ್ರಾಕ್ಟರಿನ ಸ್ನಾನ

ಮರಾಠಿ ಸೀಮೆಯ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ನಾನು ಕೆಲಸಕ್ಕಿದ್ದಾಗ, ಅಂದರೆ ಎರಡು ಸಾವಿರದ ನಂತರದ ಮೊದಲ ಕೆಲವು ವರ್ಷಗಳಲ್ಲಿ, ನನ್ನ ಜಂಬಕ್ಕೇನೂ ಕೊರತೆ ಇರಲಿಲ್ಲ. ವಿಮಾನದ ತಂತಿ ಮುಟ್ಟುವ ಕೈಗೆ ಉಳಿದ ಯಂತ್ರಗಳೆಲ್ಲ ಆಟಿಕೆ ಎಂದುಕೊಂಡಿದ್ದೆ. ಆ ಜಂಬ ಇಳಿಸಿದ್ದು ನಿಫಾಡ್ ಬಳಿಯ ದ್ರಾಕ್ಷಿ ತೋಟದ ಒಂದು ಮುದಿ ಟ್ರಾಕ್ಟರು.

ತೋಟದ ಯಜಮಾನಿಯನ್ನು ಊರವರಂತೆ ನಾನೂ ಕಾಕೂ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಅವರ ತವರು ನಿಪ್ಪಾಣಿ ಕಡೆ. ಕನ್ನಡದಲ್ಲಿ ಮಾತಾಡಲು ಒಬ್ಬ ಸಿಕ್ಕನೆಂದು ರಜೆಯ ದಿನ ಕರೆದು ಝುಣಕ, ಭಾಕರಿ ಬಡಿಸುತ್ತಿದ್ದರು. ಟ್ರಾಕ್ಟರು ಅವರ ಗಂಡನದು. ಪೆಟ್ರೋಲಿನಲ್ಲಿ ಶುರುವಾಗಿ, ಕಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುವ ಹಳೇ ಕಾಲದ್ದು. ಗಂಡ ತೀರಿಕೊಂಡು, ಕೊನೆಯ ಜೋಡೆತ್ತನ್ನೂ ಮಾರಿದ ಮೇಲೆ ಪೋಳಾ ಹಬ್ಬಕ್ಕೆ ಅದೇ ಎತ್ತಾಯಿತು. ನಮ್ಮ ಕಡೆ ಕಾರಹುಣ್ಣಿಮೆಗೆ ಎತ್ತುಗಳಿಗೆ ಮಾಡುವುದನ್ನೆಲ್ಲ ಕಾಕೂ ಅದಕ್ಕೆ ಮಾಡುತ್ತಿದ್ದರು. ಮೈ ತೊಳೆದು, ಅರಿಶಿನ ಹಚ್ಚಿ, ಗೆಜ್ಜೆಸರ ಕಟ್ಟಿ, ಮಾರುತಿ ಗುಡಿಗೆ ಕಳಿಸುತ್ತಿದ್ದರು. ಮರಳಿ ಬಂದರೆ ಬಾನೆಟ್ ಮೇಲೆ ಹೋಳಿಗೆಯ ನೈವೇದ್ಯ.

ಒಂದು ವರ್ಷ ಮಗ ಹೊಸ ಡೀಸೆಲ್ ಟ್ರಾಕ್ಟರು ತಂದ. ಹಳೆಯದು ಅಂಗಳ ತುಂಬಿಕೊಂಡು ನಿಂತಿದೆ ಎಂಬ ಸಿಟ್ಟು ಅವನಿಗೆ.

"ಆಯೀ, ಈ ಸಲ ಇದು ತಾನಾಗೇ ಮಾರುತಿ ಗುಡಿ ಮುಟ್ಟಿದ್ರ ಇರಲಿ. ಇಲ್ಲಾಂದ್ರ ಭಂಗಾರದವನಿಗೆ ಹಾಕೋಣ" ಎಂದ. ಭಂಗಾರದವನೆಂದರೆ ಗುಜರಿಯವನು. ಕಾಕೂ ನನ್ನ ಮುಖ ನೋಡಿದರು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅವರು ಕೊಡಗಟ್ಟಲೆ ನೀರು ಸುರಿದು ಅದಕ್ಕೆ ಸ್ನಾನ ಮಾಡಿಸಿದ್ದರು. ಮಧ್ಯಾಹ್ನ ನಾನು ಹೋಗಿ, ಸಲೀಸಾಗಿ ಶುರುವಾಗಲಿ ಎಂದು ಪ್ಲಗ್ಗಿಗೆ ಕಿಡಿ ಒಯ್ಯುವ ತಂತಿಗಳನ್ನು ಕಿತ್ತು, ನಾಲ್ಕೂ ಪ್ಲಗ್ ಬಿಚ್ಚಿ ಉಜ್ಜಿ ಹಾಕಿದೆ. ಆಮೇಲೆ ಹ್ಯಾಂಡಲ್ ತಿರುಗಿಸಿದರೆ ಏನೂ ಇಲ್ಲ. ಇಪ್ಪತ್ತು ಸಲ ತಿರುಗಿಸಿದ ಮೇಲೆ ಗೊರಗೊರ ಎಂದು ಎದ್ದು, ಢಂ ಎಂದು ಸಿಡಿದು ಸತ್ತಿತು. ಕೋಳಿಗಳು ದಿಕ್ಕಾಪಾಲಾದವು. ಮಗ ನಕ್ಕ. ನನ್ನ ಪಿತ್ತ ನೆತ್ತಿಗೇರಿತು.

"ಎಂಜಿನ್ನಿಗೆ ಹಿಂಗ ನೀರ ಸುರೀತಾರೇನ್ರೀ ಕಾಕೂ? ನಿಮ್ಮ ಸ್ನಾನದ್ದೇ ಈ ಘೋಟಾಳಾ!" ಎಂದು ಎಲ್ಲರೆದುರು ಹೇಳಿಬಿಟ್ಟೆ.

ಕಾಕೂ ಸೆರಗಿನಿಂದ ಎಂಜಿನ್ನಿನ ಮೈ ಒರೆಸತೊಡಗಿದರು. ಕತ್ತಲಾಗುವವರೆಗೂ ಒರೆಸುತ್ತಲೇ ಇದ್ದರು. ನಾನು ಕಾರ್ಬ್ಯುರೇಟರ್ ಬಿಚ್ಚಿದೆ, ಪೆಟ್ರೋಲ್ ಬದಲಿಸಿದೆ. ಆದರೂ ಅದೇ ಢಂ.

ಹಬ್ಬದ ದಿನ ಬೆಳಿಗ್ಗೆ ಮತ್ತೆ ಹೋದೆ. ಬಾನೆಟ್ ಎತ್ತಿ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಬೆರಳಿನಿಂದ ಹಿಡಿದುಕೊಂಡು ಹೋದಾಗ ತಪ್ಪು ಸಿಕ್ಕಿತು. ಈ ಎಂಜಿನ್ನಿನಲ್ಲಿ ಕಿಡಿ ಹೋಗುವ ಸರದಿ ಒಂದು, ಎರಡು, ನಾಲ್ಕು, ಮೂರು. ನಾನು ಶಾಲೆಯ ಮಗ್ಗಿಯಂತೆ ಒಂದು, ಎರಡು, ಮೂರು, ನಾಲ್ಕು ಎಂದು ಸಿಕ್ಕಿಸಿದ್ದೆ. ಕಾರ್ಖಾನೆಯಲ್ಲಿ ಗುರುತಿನ ಚೀಟಿ ಕಟ್ಟದೆ ಒಂದೇ ಒಂದು ತಂತಿ ಬಿಚ್ಚದವನು, ಇಲ್ಲಿ ಯಃಕಶ್ಚಿತ್ ಟ್ರಾಕ್ಟರು ಎಂದು ಹಾಗೇ ಕಿತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ನೆಲ ಕಾಕೂ ಸುರಿದ ನೀರು.

ಎರಡು ತಂತಿ ಅದಲುಬದಲು ಮಾಡಿದೆ. ಎರಡನೇ ತಿರುವಿಗೆ ಎಂಜಿನ್ ಎದ್ದಿತು. ಹಿಂದೆ ನೋಡಿದರೆ ಆರತಿ ತಟ್ಟೆ ಹಿಡಿದು ಕಾಕೂ ಯಾವಾಗಿನಿಂದಲೋ ನಿಂತಿದ್ದರು.

"ನೀರ ಆರಿತ್ರೀ, ಅದಕ್ಕ ಶುರುವಾತು" ಎಂದೆ. ನಿಜ ಹೇಳಲು ಬಾಯಿ ಬರಲಿಲ್ಲ. ಅವರು ಆರತಿ ಎತ್ತಿದರು.

ಮಗನೇ ಓಡಿಸಿಕೊಂಡು ಹೋದ. ಬಣ್ಣದ ಕೋಡಿನ ಎತ್ತುಗಳ ನಡುವೆ ಅದು ಗೆಜ್ಜೆ ಅಲ್ಲಾಡಿಸುತ್ತ ಮಾರುತಿ ಗುಡಿ ಮುಟ್ಟಿ ಮರಳಿತು. ಗುಜರಿಯ ಮಾತು ಅವನು ಮತ್ತೆ ಎತ್ತಲಿಲ್ಲ. ಊರವರು ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಮರುವರ್ಷ ಪೋಳಾದ ಹಿಂದಿನ ದಿನ ಬಾನೆಟ್ ಎತ್ತಿದೆ. ನಾಲ್ಕು ತಂತಿಗಳಿಗೂ ಎತ್ತಿನ ಕೊರಳಿಗೆ ಕಟ್ಟುವ ಕೆಂಪು ದಾರ ಕಟ್ಟಿತ್ತು. ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು, ಹೀಗೆ ನಾಲ್ಕರವರೆಗೆ. ಕಿಡಿ ಹಂಚುವ ಡಬ್ಬಿಯಲ್ಲಿ ತಂತಿ ಸೇರಬೇಕಾದ ತೂತುಗಳ ಪಕ್ಕದಲ್ಲೂ ಅಷ್ಟಷ್ಟೇ ಕುಂಕುಮದ ಬೊಟ್ಟು. ನಾನು ತಂತಿ ಅದಲುಬದಲು ಮಾಡಿದ್ದನ್ನು ಕಾಕೂ ಅಂದೇ ನೋಡಿದ್ದರು.

ತಲೆ ಎತ್ತಿದೆ. ಕಾಕೂ ತುಂಬಿದ ಕೊಡ ಕಂಕುಳಲ್ಲಿಟ್ಟುಕೊಂಡು ಅಷ್ಟು ದೂರದಲ್ಲೇ ನಿಂತಿದ್ದರು.

"ಈ ವರ್ಷ ಜಳಕ ಮಾಡಿಸಬಹುದೇನ್ರೀ?" ಎಂದು ಕೇಳಿದರು. ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಅಪ್ಪಣೆ ಕೇಳುತ್ತಿದ್ದರು.

ನಾನು ಕೊಡ ಇಸಿದುಕೊಂಡು, ನಾನೇ ನೀರು ಹೊಯ್ದೆ.