ಆಯುಧಪೂಜೆಗೆ ಕುಳಿತ ಬಿರಡೆ

೧೯೮೯ರ ಮಹಾನವಮಿಯ ಬೆಳಿಗ್ಗೆ. ವಯರಿಂಗ್ ಕೆಲಸ ಮಾಡಿ ಮೇಲೆ ಬಂದ ನಾನು ಪುತ್ತೂರಿನಲ್ಲಿ ಕಂಪ್ಯೂಟರ್ ತರಗತಿ ತೆರೆದಿದ್ದೆ. ಕಲಿಯುವವರು ಸಾಲದೆ ಮುಚ್ಚುವ ಸ್ಥಿತಿ ಬಂದಿತ್ತು. ಕಡಬ ಕಡೆಯ ಸಹಕಾರಿ ಸಂಘವೊಂದರ ಅಧ್ಯಕ್ಷರು ಅಂದು ಬರುವವರಿದ್ದರು. ಗುಮಾಸ್ತರನ್ನು ತರಬೇತಿಗೆ ನಮ್ಮಲ್ಲಿಗೆ ಕಳಿಸುವುದೋ ಮಂಗಳೂರಿಗೋ ಎಂದು ಅವರು ನಿರ್ಧರಿಸಬೇಕಿತ್ತು. ಅವರು ಒಪ್ಪಿದರೆ ಮಾತ್ರ ತರಗತಿ ಉಳಿಯುತ್ತಿತ್ತು.

ನಮ್ಮ ಐದು ಕಂಪ್ಯೂಟರುಗಳನ್ನು ಮಂಗಳೂರಿನ ಇಂಜಿನಿಯರು ಒಂದೇ ವಯರಿನಲ್ಲಿ ಸಾಲಾಗಿ ಜೋಡಿಸಿದ್ದರು. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದು ನೋಡಬಹುದಿತ್ತು. ಅಧ್ಯಕ್ಷರಿಗೆ ತೋರಿಸಬೇಕೆಂದಿದ್ದುದು ಅದನ್ನೇ. ಆದರೆ ಆ ಬೆಳಿಗ್ಗೆ ಸ್ವಿಚ್ ಹಾಕಿದರೆ ಐದೂ ಚಾಲೂ ಆದವು, ಒಂದಕ್ಕೊಂದು ಸಂಪರ್ಕ ಮಾತ್ರ ಇಲ್ಲ.

ಇಂಜಿನಿಯರ ಮನೆಗೆ ಟ್ರಂಕ್ ಕಾಲ್ ಮಾಡಿದೆ. "ವಯರಿನ ಎರಡು ಕೊನೆಯಲ್ಲೂ ಒಂದೊಂದು ಲೋಹದ ಬಿರಡೆ ಉಂಟಲ್ಲ, ನೋಡಿ. ಅದಿಲ್ಲದಿದ್ರೆ ಕೊನೆ ಮುಟ್ಟಿದ ಸಂದೇಶ ತಿರುಗಿ ಬಂದು ಬೇರೆಯದಕ್ಕೆ ಡಿಕ್ಕಿ ಹೊಡೀತದೆ. ಇಡೀ ಸಾಲು ಮಲಗ್ತದೆ," ಎಂದರು.

ಕಿಟಕಿ ಬದಿಯ ಕೊನೆ ಬೋಳಾಗಿತ್ತು. ಹೆಂಡತಿ ಸರೋಜಳನ್ನು ಕೇಳಿದೆ.

"ನಿನ್ನೆ ಒರೆಸುವಾಗ ಕೈಗೇ ಬಂತು. ಪಳಪಳ ಉಂಟಲ್ಲ ಅಂತ ಆಯುಧದೊಟ್ಟಿಗೆ ಪೂಜೆಗೆ ಇಟ್ಟೆ."

ಸ್ಕ್ರೂಡ್ರೈವರಿನ ಪಕ್ಕ, ವೀಳ್ಯದೆಲೆಯ ಮೇಲೆ, ಕುಂಕುಮ ಹಚ್ಚಿಕೊಂಡು ಬಿರಡೆ ಕುಳಿತಿತ್ತು. ಕೈ ಹಾಕಿದೆ.

"ಮುಟ್ಟಬೇಡಿ. ಭಟ್ರು ಬಂದು ಮಂಗಳಾರತಿ ಆಗದೆ ತೆಗೆಯುವ ಹಾಗಿಲ್ಲ."

"ಅಧ್ಯಕ್ಷರು ಬರುವ ಹೊತ್ತಾಯ್ತು ಮಾರಾಯ್ತಿ."

"ಬರ್ಲಿ. ಅವರ ಮನೆಯಲ್ಲಿ ಪೂಜೆ ಇಲ್ವಾ?"

ಭಟ್ಟರಿಗಿಂತ ಮೊದಲು ಬಂದ ಅಧ್ಯಕ್ಷರು ಯಾರೂ ಕೂರದ ಐದು ಮೇಜುಗಳನ್ನು ನೋಡಿದರು. "ಎಂತ ಮಾರಾಯ್ರೆ, ಯಂತ್ರಗಳಿಗೆ ಮೌನವ್ರತವಾ?"

ಸರಕಿನ ಕುಂದನ್ನು ಗಿರಾಕಿಯೇ ಹುಡುಕುವ ಮೊದಲು ನಾವೇ ಹೇಳಿಬಿಡಬೇಕು. ಬಿರಡೆ ಪೂಜೆಗೆ ಕುಳಿತದ್ದನ್ನೂ ಅದಿಲ್ಲದೆ ಸಾಲು ನಿಂತದ್ದನ್ನೂ ಹೇಳಿದೆ. ಅವರು ನಕ್ಕು ಕುರ್ಚಿ ಎಳೆದುಕೊಂಡರು. "ಹಾಗಾದ್ರೆ ನಮ್ಮ ಸಂಘಕ್ಕೆ ಬರುವ ಕಂಪ್ಯೂಟರುಗಳನ್ನು ಹೇಗೆ ಜೋಡಿಸುದು?"

"ಪುತ್ತೂರು ಬಸ್‌ಸ್ಟ್ಯಾಂಡ್ ನೋಡಿ. ಸುಳ್ಯ, ಬೆಟ್ಟಂಪಾಡಿ, ಕಡಬ, ಎಲ್ಲ ಇಲ್ಲಿಗೇ ಬರುದು. ಬೆಟ್ಟಂಪಾಡಿ ರಸ್ತೆಗೆ ಮರ ಬಿದ್ರೆ ಸುಳ್ಯದ ಬಸ್ಸು ನಿಲ್ಲುದಿಲ್ಲ. ಹಾಗೆ ನಡುವೆ ಒಂದು ಪೆಟ್ಟಿಗೆ ಇಟ್ಟು ಒಂದೊಂದಕ್ಕೂ ಬೇರೆ ವಯರು ಎಳೆಯುದು."

"ಸ್ಟ್ಯಾಂಡೇ ಮುಚ್ಚಿದ್ರೆ?"

"ಆಗ ಎಲ್ಲರೂ ನಡೆದೇ ಹೋಗುದು. ವಯರನ್ನು ಬಳೆಯ ಹಾಗೆ ಸುತ್ತು ತರುವ ಕ್ರಮವೂ ಉಂಟು. ಕೈಯಿಂದ ಕೈಗೆ ನೀರಿನ ಕೊಡಪಾನ ದಾಟಿಸಿದ ಹಾಗೆ. ನಡುವೆ ಒಬ್ಬ ಕೈ ಬಿಟ್ರೆ ನೀರು ಇಲ್ಲ."

"ಮತ್ತೆ ನೀವು ಯಾಕೆ ಒಂದೇ ಸಾಲು ಮಾಡಿದ್ದು?"

"ಒಂದು ಕೋಣೆ, ಐದು ಮೇಜು. ವಯರು ಸ್ವಲ್ಪ ಸಾಕು. ನಿಮ್ಮದು ಜನ ಓಡಾಡುವ ಜಾಗ. ಯಾರ ಕಾಲು ತಾಗಿದ್ರೂ ಸಂಘವೇ ಬಂದ್."

ಅಷ್ಟರಲ್ಲಿ ಭಟ್ಟರು ಬಂದರು. ಮಂಗಳಾರತಿ ಆಯಿತು, ಅಧ್ಯಕ್ಷರೂ ಕೈಮುಗಿದರು. ಕುಂಕುಮ ಒರೆಸಿ ಬಿರಡೆಯನ್ನು ತಿರುಗಿಸಿದೆ. ಮೊದಲ ಮೇಜಿನಲ್ಲಿ ಬರೆದಿಟ್ಟ ಅಧ್ಯಕ್ಷರ ಹೆಸರು ಕಿಟಕಿ ಬದಿಯ ಪರದೆಯಲ್ಲಿ ತೆರೆದುಕೊಂಡಿತು. ಅವರು ತಾವೇ ಬಿರಡೆ ಕಳಚಿ, ಸಾಲು ನಿಂತದ್ದನ್ನು ನೋಡಿ, ಮತ್ತೆ ಹಾಕಿದರು.

"ಮಂಗಳೂರಿನ ತರಗತಿಯವರು ಓಡುದನ್ನು ಮಾತ್ರ ತೋರಿಸಿದ್ರು. ನೀವು ನಿಲ್ಲುದನ್ನೂ ತೋರಿಸಿದ್ರಿ. ನಮ್ಮವರನ್ನು ಇಲ್ಲಿಗೇ ಕಳಿಸ್ತೇನೆ," ಎಂದರು.

ತರಗತಿ ಉಳಿಯಿತು. ಅಂದಿನಿಂದ ಏನು ಕೊಳ್ಳುವುದಿದ್ದರೂ ನಾನು ಮೊದಲು ದರ ಕೇಳುವುದಿಲ್ಲ. ಇದರಲ್ಲಿ ಒಂದು ಕೆಟ್ಟರೆ ಎಷ್ಟು ನಿಲ್ಲುತ್ತದೆ ಎಂದು ಕೇಳುತ್ತೇನೆ. ನೀವೂ ಹಾಗೇ ಕೇಳಿ, ದರವನ್ನು ಆಮೇಲೆ ಇಳಿಸಬಹುದು. ಆ ಬಿರಡೆಯನ್ನು ಸರೋಜ ಈಗಲೂ ಪ್ರತಿ ಆಯುಧಪೂಜೆಗೆ ಇಡುತ್ತಾಳೆ. ನಾನು ಬೇಡ ಎನ್ನುವುದಿಲ್ಲ. ಮರುವರ್ಷವೇ ಇನ್ನೊಂದು ಬಿರಡೆ ತಂದಿಟ್ಟುಕೊಂಡೆ.